ಹಳೆಯ ಕ್ಯಾಸೆಟ್ ಡೆಕ್ಕು: ನಿದಾನವೂ ನಿಧಾನವೂ

ವೈದ್ಯಶಾಸ್ತ್ರದಲ್ಲಿ ಚಿಕಿತ್ಸೆಗಿಂತ ಮೊದಲು ಬರುವುದು ನಿದಾನ; ಎಂದರೆ ರೋಗದ ಮೂಲಕಾರಣವನ್ನು ಅರಿಯುವುದು. ಮಾಧವಕರನ ಪ್ರಸಿದ್ಧ ಗ್ರಂಥಕ್ಕೆ ‘ಮಾಧವನಿದಾನ’ವೆಂದೇ ಹೆಸರು. ಅದೇ ಶಬ್ದದ ದಕಾರವು ಮಹಾಪ್ರಾಣವಾದರೆ ಕನ್ನಡಿಗರ ಬಳಕೆಯ ‘ನಿಧಾನ’, ಎಂದರೆ ಅವಸರವಿಲ್ಲದ ನಡೆ. ಈ ಎರಡು ಶಬ್ದಗಳ ಧಾತುಗಳು ಬೇರೆ ಬೇರೆ. ಆದರೆ ಕೆಟ್ಟುದನ್ನು ಸರಿಪಡಿಸುವ ಕಾರ್ಯದಲ್ಲಿ ಇವು ಒಂದನ್ನೊಂದು ಬಿಟ್ಟಿರಲಾರವು. ಮನೆಯ ಅಟ್ಟದ ಮೇಲೆ ಧೂಳು ಹಿಡಿದು ಕುಳಿತಿರುವ ಹಳೆಯ ಕ್ಯಾಸೆಟ್ ಡೆಕ್ಕು ಇದಕ್ಕೆ ಒಳ್ಳೆಯ ನಿದರ್ಶನ.

ಫಿಲಿಪ್ಸ್ ಸಂಸ್ಥೆಯು ಕ್ಯಾಸೆಟ್ಟನ್ನು ಮೊದಲಬಾರಿಗೆ ಲೋಕಕ್ಕೆ ತೋರಿಸಿದ್ದು 1963ರಲ್ಲಿ, ಬರ್ಲಿನ್ ನಗರದ ರೇಡಿಯೊ ಪ್ರದರ್ಶನದಲ್ಲಿ. ಅದನ್ನು ರೂಪಿಸಿದವರ ಮುಂದಾಳಾದ ಲೂ ಒಟೆನ್ಸ್ ಎಂಬ ಡಚ್ ಎಂಜಿನಿಯರು, ಕೋಟಿನ ಜೇಬಿನಲ್ಲಿ ಹಿಡಿಯುವಂತಹ ಮರದ ತುಂಡೊಂದನ್ನು ಮಾಡಿಸಿಕೊಂಡು ಯಂತ್ರದ ಗಾತ್ರವನ್ನು ಗೊತ್ತುಪಡಿಸಿದರೆಂದು ಪ್ರತೀತಿ. ನಾಲ್ಕು ಮಿಲಿಮೀಟರಿಗಿಂತ ಕಡಿಮೆ ಅಗಲದ ಟೇಪು, ಸೆಕೆಂಡಿಗೆ 4.76 ಸೆಂಟಿಮೀಟರಿನ ಮಂದಗತಿ. ಮಾತನ್ನು ಹಿಡಿದಿಡಲು ಸಾಕೆಂದು ಹುಟ್ಟಿದ ಈ ಸಾಧನವು ಡಾಲ್ಬಿ ಮೊದಲಾದ ಸುಧಾರಣೆಗಳಿಂದ ಸಂಗೀತಕ್ಕೂ ಯೋಗ್ಯವೆನಿಸಿ, 1980ರ ದಶಕದಲ್ಲಿ ಕನ್ನಡ ನಾಡಿನ ಮನೆಮನೆಯನ್ನೂ ಹೊಕ್ಕಿತು.

ಆದರೆ ಕ್ಯಾಸೆಟ್ಟಿನ ನಿಜವಾದ ಹಿರಿಮೆ ಅಂಗಡಿಯಿಂದ ಕೊಂಡುತಂದ ಹಾಡುಗಳಲ್ಲಿಲ್ಲ. ಗ್ರಾಮೊಫೋನ್ ತಟ್ಟೆಯನ್ನು ಮನೆಯಲ್ಲಿ ತಯಾರಿಸಲಾಗುತ್ತಿರಲಿಲ್ಲ. ಕ್ಯಾಸೆಟ್ಟಿನಲ್ಲಿಯಾದರೋ ಗುಂಡಿಯನ್ನೊತ್ತಿದ ಯಾರೂ ಧ್ವನಿಯನ್ನು ಮುದ್ರಿಸಬಹುದಾಗಿತ್ತು. ಹಾಗೆ ಮುದ್ರಿತವಾದುವು ಅಜ್ಜಿಯ ಬೀಸುವ ಪದಗಳು, ಮದುವೆಯ ಮನೆಯ ಸೋಬಾನೆ, ಊರಿನ ಪುರಾಣ ಪ್ರವಚನ, ವೃದ್ಧ ಗುರುಗಳು ಶಿಷ್ಯರಿಗೆ ಹೇಳಿದ ಪಾಠ. ಮಾರಾಟದ ಹಾಡಿಗೆ ಸಾವಿರ ಪ್ರತಿಗಳುಂಟು. ಇವುಗಳಿಗೆ ಉಳಿದಿರುವುದು ಬಹುಮಟ್ಟಿಗೆ ಆ ಒಂದೇ ಪ್ರತಿ. ಹಾಡಿದವರು ಇಂದಿಲ್ಲ. ಡೆಕ್ಕು ಮೂಕವಾದರೆ ಅವರೂ ಎರಡನೆಯ ಬಾರಿ ಮೂಕರಾಗುತ್ತಾರೆ.

ಆದರೂ ಕೆಟ್ಟ ಡೆಕ್ಕನ್ನು ಹಳೆಯ ಸಾಮಾನು ಕೊಳ್ಳುವವನಿಗೆ ತೂಗಿ ಕೊಡುವುದೇ ಇಂದಿನ ವಾಡಿಕೆಯಾಗಿದೆ. ದುರಸ್ತಿಯೆಂದರೆ ಮೂಗಿಗಿಂತ ಮೂಗುತಿ ಭಾರವೆಂಬುದು ಅವರ ವಾದ. ಹೊಸ ಪ್ಲೇಯರೊಂದನ್ನು ಅಗ್ಗವಾಗಿ ಕೊಂಡರಾಯಿತು ಎಂಬುದು ಇನ್ನೊಂದು ವಾದ. ಎರಡೂ ಪೂರ್ಣ ಸತ್ಯವಲ್ಲ. ಈಗ ತಯಾರಾಗುವ ಅಗ್ಗದ ಪ್ಲೇಯರುಗಳಲ್ಲಿ ಡಾಲ್ಬಿ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲ. ಹಳೆಯ ಡೆಕ್ಕಿನ ದೋಷಗಳಾದರೋ ಬಹುಪಾಲು ಅಲ್ಪದೋಷಗಳು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿಯೇಕೆ?

ಲಕ್ಷಣವನ್ನು ನೋಡಿ ಕಾರಣವನ್ನು ಊಹಿಸುವ ಕ್ರಮ ಇಲ್ಲಿಯೂ ಸಲ್ಲುತ್ತದೆ. ಧ್ವನಿಯು ಕಂಬಳಿ ಹೊದ್ದಂತೆ ಮಂಕಾಗಿ ಕೇಳಿಸಿದರೆ ಹೆಡ್ಡಿನ ಮೇಲೆ ಟೇಪಿನ ಕಂದುಪುಡಿ ಕಟ್ಟಿದೆಯೆಂದು ಮೊದಲು ಶಂಕಿಸಬೇಕು; ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಮೃದುವಾಗಿ ಒರಸಿದರೆ ಎಷ್ಟೋ ಡೆಕ್ಕುಗಳು ಅಷ್ಟರಿಂದಲೇ ಬಾಯಿಬಿಡುತ್ತವೆ. ಮೋಟಾರಿನ ಸದ್ದು ಕೇಳಿಸಿಯೂ ಚಕ್ರಗಳು ತಿರುಗದಿದ್ದರೆ ರಬ್ಬರಿನ ಬೆಲ್ಟು ಸಡಿಲವಾಗಿರುತ್ತದೆ, ಇಲ್ಲವೆ ಕಾಲವಶದಿಂದ ಕರಗಿ ಡಾಂಬರಿನಂತೆ ಅಂಟಿಕೊಂಡಿರುತ್ತದೆ. ಆ ಅಂಟನ್ನು ಪೂರ್ತಿಯಾಗಿ ತೊಡೆದು, ಸರಿಯಾದ ಅಳತೆಯ ಬೆಲ್ಟನ್ನು ಹಾಕಬೇಕು. ಹಳೆಯದು ಹಿಗ್ಗಿರುವುದರಿಂದ ಹೊಸದು ಅದಕ್ಕಿಂತ ತುಸು ಚಿಕ್ಕದಿರಬೇಕು.

‘ಡೆಕ್ಕು ಟೇಪನ್ನು ನುಂಗುತ್ತದೆ’ ಎಂಬುದು ಎಲ್ಲಕ್ಕಿಂತ ಹೆಚ್ಚಿನ ದೂರು. ಉಕ್ಕಿನ ಸಣ್ಣ ಕಡ್ಡಿಯೊಂದೂ ಅದನ್ನು ಒತ್ತಿಕೊಂಡಿರುವ ರಬ್ಬರಿನ ರೋಲರೂ ಕೂಡಿ ಟೇಪನ್ನು ಸಮಗತಿಯಲ್ಲಿ ಮುಂದೆ ತಳ್ಳುತ್ತವೆ. ಹಾಗೆ ಬಂದುದನ್ನು ಸುತ್ತಿಕೊಳ್ಳುವುದು ಬಲಗಡೆಯ ಚಕ್ರದ ಕೆಲಸ. ಆ ಚಕ್ರವು ಸೋತರೆ ಟೇಪಿಗೆ ಹೋಗಲು ದಾರಿಯಿಲ್ಲದೆ ಅದು ರೋಲರಿಗೇ ಸುತ್ತಿಕೊಳ್ಳುತ್ತದೆ. ಜನರು ಕ್ಯಾಸೆಟ್ಟನ್ನು ದೂರುತ್ತಾರೆ. ತಪ್ಪು ಅನೇಕ ವೇಳೆ ಚಕ್ರವನ್ನು ನಡೆಸುವ ಸವೆದ ರಬ್ಬರಿನದು, ಇಲ್ಲವೆ ಜಿಡ್ಡು ಹಿಡಿದ ರೋಲರಿನದು. ಗಾಯಕನ ಕಂಠವು ತೂಗಾಡಿದಂತೆ ಕೇಳಿಸುವುದಕ್ಕೂ ಬಹುಶಃ ಇವೇ ಕಾರಣಗಳು. ಕೀಲುಗಳಿಗೆ ಎಣ್ಣೆ ಒಂದೇ ಹನಿ ಸಾಕು; ಅದು ರಬ್ಬರಿಗೆ ತಾಗಿದರೆ ಮದ್ದೇ ವಿಷವಾದೀತು.

ಇವೆಲ್ಲಕ್ಕಿಂತ ಸೂಕ್ಷ್ಮವಾದುದು ಹೆಡ್ಡಿನ ಓರೆಯ ವಿಷಯ. ಹೆಡ್ಡಿನಲ್ಲಿರುವ ಕಣ್ಣಿಗೆ ಕಾಣದಷ್ಟು ಕಿರಿದಾದ ಸೀಳು ಟೇಪಿನ ಚಲನೆಗೆ ನೇರ ಲಂಬದಲ್ಲಿರಬೇಕು. ತುಸು ವಾಲಿದರೂ ತಾರಧ್ವನಿಗಳು ಮಾಯವಾಗುತ್ತವೆ. ಈ ಓರೆಯನ್ನು ತಾನೇ ತಿದ್ದಿಕೊಳ್ಳುವ ಏರ್ಪಾಡು 1982ರಲ್ಲಿ ಬಂದ ನಾಕಾಮಿಚಿ ಡ್ರ್ಯಾಗನ್ ಡೆಕ್ಕಿನಲ್ಲಿತ್ತು. ಉಳಿದವುಗಳಲ್ಲಿ ತಿರುಪೊಂದನ್ನು ತಿರುಗಿಸಿ ಸರಿಪಡಿಸಬೇಕು. ಆದರೆ ಮನೆಯ ಡೆಕ್ಕಿನಲ್ಲಿಯೇ ಮುದ್ರಿಸಿದ ಟೇಪಿಗೆ ಅಂದಿನ ಓರೆಯೇ ಸರಿ! ವಾಲಿದ ಹೆಡ್ಡು ಬರೆದುದನ್ನು ಅಷ್ಟೇ ವಾಲಿದ ಹೆಡ್ಡು ಮಾತ್ರ ಸ್ಪಷ್ಟವಾಗಿ ಓದಬಲ್ಲುದು. ಒಬ್ಬರ ಕೈಬರಹವನ್ನು ಅದಕ್ಕೆ ಪಳಗಿದವರೇ ಸರಾಗವಾಗಿ ಓದುವ ಹಾಗೆ. ಆದುದರಿಂದ ಅಜ್ಜಿಯ ಹಾಡನ್ನು ಕೇಳಬೇಕೆಂಬವರು ಅದನ್ನು ಮುದ್ರಿಸಿದ ಡೆಕ್ಕನ್ನೇ ಉಳಿಸಿಕೊಳ್ಳುವುದು ಲೇಸು. ಉಳಿದ ಉಪಾಯಗಳೆಲ್ಲ ತೀರುವ ತನಕ ಆ ತಿರುಪನ್ನು ಮುಟ್ಟದಿರುವುದು ಇನ್ನೂ ಲೇಸು. ಮುಟ್ಟಲೇಬೇಕಾದರೆ ಅದು ಮೊದಲು ನಿಂತಿದ್ದ ಸ್ಥಾನಕ್ಕೆ ಗುರುತು ಹಾಕಿಕೊಳ್ಳಬೇಕು.

ಇಲ್ಲಿ ನಿದಾನಕ್ಕೆ ನಿಧಾನವು ಜೊತೆಯಾಗಬೇಕು. ವಿದ್ಯುತ್ತಿನ ಪ್ಲಗ್ಗನ್ನು ಕೀಳದೆ ಮುಚ್ಚಳವನ್ನು ತೆಗೆಯಲಾಗದು. ಬಿಚ್ಚುವ ಪ್ರತಿಯೊಂದು ಹಂತವನ್ನೂ ಮೊಬೈಲ್ ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳುವುದು ವಿವೇಕ. ಸರಿಯಾಯಿತೆಂದು ತೋರಿದೊಡನೆ ಅಮೂಲ್ಯವಾದ ಕ್ಯಾಸೆಟ್ಟನ್ನು ಹಾಕದೆ, ಹೋದರೂ ಚಿಂತೆಯಿಲ್ಲದ ಕ್ಯಾಸೆಟ್ಟಿನಿಂದ ಮೊದಲು ಪರೀಕ್ಷಿಸಬೇಕು. ವಿದ್ಯುತ್ ಸರಬರಾಜಿನ ಭಾಗ ಕೆಟ್ಟಿದ್ದರೆ, ಪ್ಲಾಸ್ಟಿಕ್ಕಿನ ಹಲ್ಲುಚಕ್ರ ಒಡೆದಿದ್ದರೆ ಬಲ್ಲವರ ಕೈಗೆ ಒಪ್ಪಿಸಬೇಕು. ತನ್ನ ಅಳವನ್ನು ಅರಿಯುವುದೂ ವಿದ್ಯೆಯ ಒಂದು ಅಂಗವೇ.

ವಿದ್ಯುತ್ಕಾಂತ ತತ್ತ್ವವನ್ನು ಬೋಧಿಸುವ ಉಪಾಧ್ಯಾಯರು ಕೆಟ್ಟ ಡೆಕ್ಕೊಂದನ್ನು ಮೇಜಿನ ಮೇಲಿಟ್ಟು ಮಕ್ಕಳ ಮುಂದೆ ಬಿಚ್ಚಿ ತೋರಿಸಿದರೆ, ಕರಿಹಲಗೆಯಲ್ಲಿ ದಕ್ಕದ ಎಷ್ಟೋ ಸಂಗತಿಗಳು ಅವರ ಬೆರಳಿಗೆ ದಕ್ಕುತ್ತವೆ. ದುರಸ್ತಿಯಾದ ಆ ಡೆಕ್ಕಿಗೆ ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಯ ಕ್ಯಾಸೆಟ್ಟುಗಳನ್ನು ತಂದು ಗಣಕಯಂತ್ರಕ್ಕೆ ಪ್ರತಿ ಮಾಡಿಸಿಕೊಂಡರೆ ಉಪಕಾರವು ಇಮ್ಮಡಿಯಾಗುತ್ತದೆ. ಇದಕ್ಕೆ ಬೇಕಾಗುವುದು ದೊಡ್ಡ ನಿಧಿಯಲ್ಲ. ಕೆಲವು ಬೆಲ್ಟುಗಳು, ಒಂದು ಸೀಸೆ ಆಲ್ಕೊಹಾಲು, ಬಹಳ ತಾಳ್ಮೆ.

ಸಂಸ್ಕೃತದಲ್ಲಿ ‘ನಿಧಾನ’ವೆಂಬ ಶಬ್ದಕ್ಕೆ ಹೂತಿಟ್ಟ ನಿಧಿ ಎಂಬ ಅರ್ಥವೂ ಉಂಟು. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಅಂತಹ ನಿಧಾನವು ಇನ್ನೂ ಹಲವರ ಮನೆಯಲ್ಲಿದೆ. ಟೇಪು ಮುಪ್ಪಾಗುತ್ತಿದೆ, ಯಂತ್ರವೂ ಮುಪ್ಪಾಗುತ್ತಿದೆ. ದುರಸ್ತಿಯ ಕೈಗೆ ನಿಧಾನ ಬೇಕು, ನಿಜ. ದುರಸ್ತಿಗೆ ತೊಡಗುವುದರಲ್ಲಿ ಮಾತ್ರ ನಿಧಾನ ಸಲ್ಲದು.