ತೊಂಬತ್ತೆಂಟು ಆಟಗಳ ಆಯುಷ್ಯ

ದೇಹಬಲವನ್ನೇ ಆಶ್ರಯಿಸಿದ ವೃತ್ತಿಯು ಮನುಷ್ಯನ ಆಯುಷ್ಯದಷ್ಟು ಕಾಲ ಬಾಳುವುದಿಲ್ಲ. ಆಸ್ಟ್ರೇಲಿಯದ ಚೆಂಡಾಟಗಾರನಾದ ಜಾನ್ ಕೋಲ್‌ಮನ್ನನ ಚರಿತ್ರೆಯು ಇದಕ್ಕೆ ಒಳ್ಳೆಯ ನಿದರ್ಶನವಾಗಿರುವುದರಿಂದ ಈ ತಿಂಗಳು ಅದನ್ನು ವಾಚಕರ ಮುಂದಿಡುತ್ತೇವೆ.

ಆ ದೇಶದ ಫುಟ್‌ಬಾಲು ನಮ್ಮ ಹುಡುಗರು ಆಡುವಂಥದಲ್ಲ. ಬಯಲೂ ಚೆಂಡೂ ಅಂಡಾಕಾರದವು. ಪಕ್ಷಕ್ಕೆ ಹದಿನೆಂಟು ಮಂದಿ. ಚೆಂಡನ್ನು ಕೈಯಿಂದ ಹಿಡಿಯಬಹುದು, ಮುಷ್ಟಿಯಿಂದ ಗುದ್ದಿ ದಾಟಿಸಬಹುದು; ಎಸೆಯಕೂಡದು. ನಡುವಣ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದು ಕಳುಹಿಸಿದರೆ ಗೋಲು. ಅದಕ್ಕೆ ಆರು ಅಂಕ. ಒದ್ದ ಚೆಂಡನ್ನು ನೆಲ ಮುಟ್ಟುವ ಮೊದಲೇ ಹಿಡಿದವನಿಗೆ ಅಡ್ಡಿಯಿಲ್ಲದೆ ಒದೆಯುವ ಅಧಿಕಾರವು ದೊರೆಯುವುದು. ಅದಕ್ಕಾಗಿ ಆಟಗಾರರು ಇತರರ ಹೆಗಲಿಗಿಂತ ಮೇಲಕ್ಕೆ ನೆಗೆಯುವರು. ಆಟದ ಸೊಬಗೂ ಅಪಾಯವೂ ಆ ನೆಗೆತದಲ್ಲಿಯೇ ಇವೆ.

ಕೋಲ್‌ಮನ್ನನು ೧೯೨೮ರಲ್ಲಿ ವಿಕ್ಟೋರಿಯ ಪ್ರಾಂತದ ಪೋರ್ಟ್ ಫೇರಿಯಲ್ಲಿ ಜನಿಸಿದನು. ೧೯೪೯ರಲ್ಲಿ ಮೆಲ್ಬರ್ನಿನ ಎಸೆಂಡನ್ ತಂಡಕ್ಕೆ ಆಡಿದ ಮೊದಲ ಪಂದ್ಯದಲ್ಲಿಯೇ ೧೨ ಗೋಲು ಹೊಡೆದನು. ಆ ವರ್ಷ ನೂರು ಗೋಲು, ಮರುವರ್ಷ ೧೨೦. ಎರಡು ವರ್ಷವೂ ವಿಜಯಪದವಿಯು ಆತನ ತಂಡಕ್ಕೇ ಸಂದಿತು. ೧೯೫೧ರಲ್ಲಿ, ಹೊಡೆದವನಿಗೆ ತಿರುಗಿ ಹೊಡೆದನೆಂದು ನಾಲ್ಕು ಪಂದ್ಯಗಳ ನಿಷೇಧಕ್ಕೆ ಗುರಿಯಾದನು. ಅಂತಿಮ ಪಂದ್ಯವು ಆತನಿಲ್ಲದೆ ನಡೆಯಿತು, ತಂಡವು ಸೋತಿತು. ಒಂದು ಗಳಿಗೆಯ ಕೋಪಕ್ಕೆ ತೆತ್ತ ಬೆಲೆಯನ್ನು ತರುಣರು ಗಮನಿಸಬೇಕು.

೧೯೫೪ರಲ್ಲಿ ಒಂದು ಪಂದ್ಯದಲ್ಲಿ ೧೪ ಗೋಲು ಹೊಡೆದನು. ಅದರ ಮುಂದಿನ ಪಂದ್ಯದಲ್ಲಿಯೇ ಬಿದ್ದು ಮೊಣಕಾಲಿನ ಕೀಲು ತಪ್ಪಿತು. ಚಿಕಿತ್ಸೆಯಾಯಿತು, ಮರಳಿ ಆಡುವ ಪ್ರಯತ್ನವೂ ನಡೆಯಿತು, ಕಾಲು ಒಪ್ಪಲಿಲ್ಲ. ೯೮ ಪಂದ್ಯ, ೫೩೭ ಗೋಲು, ವಯಸ್ಸು ಇಪ್ಪತ್ತೈದು.

ಆ ಕಾಲದಲ್ಲಿ ಆಟಗಾರನ ಸಂಭಾವನೆಗೆ ಮಿತಿಯಿದ್ದಿತು; ಅದೊಂದರಿಂದಲೇ ಸಂಸಾರವು ಸಾಗುವಂತಿರಲಿಲ್ಲ. ಕೋಲ್‌ಮನ್ನನು ಹೋಟೆಲು ನಡೆಸಿ ಜೀವಿಸಿದನು. ೧೯೬೧ರಲ್ಲಿ ಅದೇ ತಂಡಕ್ಕೆ ಶಿಕ್ಷಕನಾಗಿ ಬಂದು, ೧೯೬೨ರಲ್ಲಿಯೂ ೧೯೬೫ರಲ್ಲಿಯೂ ಅದಕ್ಕೆ ವಿಜಯವನ್ನು ತಂದುಕೊಟ್ಟನು. ೧೯೭೩ರಲ್ಲಿ, ನಾಲ್ವತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡನು. ಅಲ್ಲಿಯ ಲೀಗಿನಲ್ಲಿ ಅತಿಹೆಚ್ಚು ಗೋಲು ಹೊಡೆದವನಿಗೆ ಸಲ್ಲುವ ಪದಕವು ಈಗ ಆತನ ಹೆಸರಿನದು.

ಈಗ ಆ ಆಟವೇ ಪೂರ್ಣಾವಧಿಯ ಉದ್ಯೋಗವಾಗಿದೆ, ಸಂಬಳವೂ ಬೆಳೆದಿದೆ. ಆದರೆ ಮೊಣಕಾಲು ಹಿಂದಿನದೇ. ಮಗನು ಆಟದಲ್ಲಿ ನಿಪುಣನಾದರೆ ತಂದೆತಾಯಿಗಳು ತಡೆಯಬೇಕೆಂದು ನಾವು ಹೇಳುವುದಿಲ್ಲ. ಆಟದ ಜತೆಗೆ ಇನ್ನೊಂದು ಕಸುಬನ್ನೂ ಕಲಿಸಿರಲಿ. ಆಡುವುದನ್ನು ಮಾತ್ರವಲ್ಲ, ಆಟದ ಮರ್ಮವನ್ನು ಇತರರಿಗೆ ತಿಳಿಸಿಕೊಡುವುದನ್ನೂ ಅಭ್ಯಾಸಮಾಡಿಸಲಿ. ಕಾಲು ಕೈಕೊಟ್ಟ ಮೇಲೆ ಕೋಲ್‌ಮನ್ನನಿಗೆ ಉಳಿದುದು ಅದೇ. ಅದರಿಂದ ಆತನು ಎರಡು ವಿಜಯಗಳನ್ನು ಗಳಿಸಿದನು.