ಮಾರ್ತಾ ಸಾಯಲೇಬೇಕಿತ್ತೆ?

ಹೆಣ್ಣನ್ನು ಪ್ರೀತಿಸಿದ ಹೆಣ್ಣಿಗೆ ಹಳೆಯ ನಾಟಕಗಳು ಕೊಟ್ಟ ಜಾಗ ಎರಡೇ: ಒಂದು ಬೀದಿಪಾಲು, ಇನ್ನೊಂದು ಮಣ್ಣುಪಾಲು. ಅಮೆರಿಕದ ಲಿಲಿಯನ್ ಹೆಲ್‌ಮನ್ ಬರೆದ ‘ದಿ ಚಿಲ್ಡ್ರನ್ಸ್ ಅವರ್’ 1934ರಲ್ಲಿ ರಂಗಕ್ಕೆ ಬಂದು 691 ಪ್ರದರ್ಶನ ಕಂಡಿತು. ಧೀರ ನಾಟಕವೆಂದು ಹೊಗಳುತ್ತಾರೆ. ಆದರೆ ಈ ನಾಟಕದೊಡನೆ ನನಗೊಂದು ಜಗಳವಿದೆ. ಅದರಲ್ಲಿ ಸಾಯುವವಳು ನನ್ನ ಹಾಗೆ ಒಬ್ಬ ಟೀಚರು.

ಕೇರನ್, ಮಾರ್ತಾ ಎಂಬ ಇಬ್ಬರು ಗೆಳತಿಯರು ಕಷ್ಟಪಟ್ಟು ಹೆಣ್ಣುಮಕ್ಕಳ ಶಾಲೆ ಕಟ್ಟಿರುತ್ತಾರೆ. ಶಿಕ್ಷೆಗೆ ಸಿಟ್ಟಾದ ಹುಡುಗಿಯೊಬ್ಬಳು ಅಜ್ಜಿಯ ಕಿವಿಯಲ್ಲಿ ಅವರಿಬ್ಬರ ‘ಸಂಬಂಧ’ ಊದುತ್ತಾಳೆ. ಅಜ್ಜಿ ಮನೆಮನೆಗೂ ಫೋನು ಮಾಡುತ್ತಾಳೆ, ಶಾಲೆ ಖಾಲಿ. ಮಾನನಷ್ಟದ ಮೊಕದ್ದಮೆಯೂ ಸೋಲುತ್ತದೆ. ಕೊನೆಗೆ ಮಾರ್ತಾ, ತನ್ನ ಮನಸ್ಸಿನಲ್ಲಿ ಗೆಳತಿಯ ಮೇಲೆ ಅಂಥ ಪ್ರೀತಿ ಇದ್ದದ್ದು ನಿಜವೆಂದು ಒಪ್ಪಿಕೊಂಡು ಗುಂಡು ಹಾರಿಸಿಕೊಳ್ಳುತ್ತಾಳೆ. ಆಮೇಲೆ ಅಜ್ಜಿ ಕ್ಷಮೆ ಕೇಳಲು ಬರುತ್ತಾಳೆ.

ಇದು ಸುಳ್ಳಿನ ಬಗ್ಗೆ ಬರೆದ ನಾಟಕ ಎಂದು ಹೆಲ್‌ಮನ್ ಹೇಳುತ್ತಿದ್ದರು. ಸರಿಯೇ. ಆದರೆ ನನ್ನದೊಂದು ಪ್ರಶ್ನೆ: ಹುಡುಗಿ ಹೇಳಿದ್ದು ನಿಜವೇ ಆಗಿದ್ದರೆ? ಆಗ ಶಾಲೆ ಮುಚ್ಚಿಸಿದ್ದು ನ್ಯಾಯವಾಗುತ್ತಿತ್ತೆ? ಈ ಮಾತಿಗೆ ನಾಟಕದಲ್ಲಿ ಉತ್ತರವಿಲ್ಲ. ‘ಅಯ್ಯೋ, ನಿರಪರಾಧಿಗಳು’ ಎಂದು ಕಣ್ಣೊರೆಸಿಕೊಳ್ಳುವ ಪ್ರೇಕ್ಷಕರು, ಪ್ರೀತಿಯೇ ಅಪರಾಧವೆಂದು ಒಪ್ಪಿಕೊಂಡ ಹಾಗೇ ಆಯಿತಲ್ಲ!

ಈ ಕಥೆಗೆ ಮೂಲವಾದ ನಿಜವಾದ ಟೀಚರುಗಳು ಸಾಯಲಿಲ್ಲ. 1810ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಜೇನ್ ಪಿರಿ, ಮೇರಿಯಾನ್ ವುಡ್ಸ್ ನಡೆಸುತ್ತಿದ್ದ ಶಾಲೆ ಇಂಥದೇ ಮಾತಿನಿಂದ ಕೆಲವೇ ದಿನಗಳಲ್ಲಿ ಬರಿದಾಯಿತು. ಅವರು ಕೋರ್ಟಿಗೆ ಹೋದರು. ಮೊದಲು ಸೋತರು, ಆಮೇಲೆ ಗೆದ್ದರು. 1819ರಲ್ಲಿ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್ ಕೂಡ ಅವರ ಪರವಾಗಿಯೇ ತೀರ್ಪು ಕೊಟ್ಟಿತು. ಒಂಬತ್ತು ವರ್ಷ ಜಗ್ಗದೆ ನಿಂತ ಈ ಹೆಂಗಸರು ರಂಗಕ್ಕೆ ಬರುವ ಹೊತ್ತಿಗೆ ಒಬ್ಬಳು ಹೆಣವಾಗಿದ್ದಳು.

ಆ ಮೊಕದ್ದಮೆಯಲ್ಲಿ ನಮಗೆ ಸಂಬಂಧಿಸಿದ ಸಂಗತಿಯೂ ಒಂದಿದೆ. ಚಾಡಿ ಹೇಳಿದ ಹುಡುಗಿ ಭಾರತದಲ್ಲಿ ಹುಟ್ಟಿದವಳು, ಅವಳ ತಾಯಿ ಭಾರತೀಯಳು. ಇಂಥ ವಿಷಯ ನಮ್ಮ ದೇಶದ ಹೆಂಗಸರಿಗೆ ಗೊತ್ತಿರದು, ಅವಳು ಅಲ್ಲಿಂದಲೇ ಕಲಿತು ಬಂದಿರಬೇಕು ಎಂಬ ವಾದ ನಡೆಯಿತು. ಹೆಲ್‌ಮನ್ ಆ ಭಾಗವನ್ನೇ ಬಿಟ್ಟರು. 1998ರಲ್ಲಿ ದೀಪಾ ಮೆಹ್ತಾರ ‘ಫೈರ್’ ಚಿತ್ರ ತೋರಿಸುತ್ತಿದ್ದ ಚಿತ್ರಮಂದಿರಗಳ ಮೇಲೆ ದಾಳಿ ಮಾಡಿದವರು ಹೇಳಿದ್ದೇನು? ಇದು ಪಶ್ಚಿಮದ ಕೊಳಕು, ನಮ್ಮದಲ್ಲ! ಅವರು ನಮ್ಮ ಕಡೆ ಕೈ ತೋರಿಸುವುದು, ನಾವು ಅವರ ಕಡೆ. ನಡುವೆ ಆ ಹೆಂಗಸರಿಗೆ ಊರೇ ಇಲ್ಲ.

ಸಾಯಿಸದೆ ಬರೆದವರೇ ಇರಲಿಲ್ಲವೆ? ಇದ್ದರು. ಶೋಲೆಮ್ ಆಶ್ 1906ರಲ್ಲಿ ಯಿದ್ದಿಶ್ ಭಾಷೆಯಲ್ಲಿ ಬರೆದ ‘ಗಾಡ್ ಆಫ್ ವೆಂಜೆನ್ಸ್’ ನಾಟಕದಲ್ಲಿ ವೇಶ್ಯಾಗೃಹದ ಯಜಮಾನನ ಮಗಳು, ಅಲ್ಲಿಯ ಹೆಣ್ಣೊಬ್ಬಳು ಒಬ್ಬರನ್ನೊಬ್ಬರು ಅಕ್ಕರೆಯಿಂದ ಪ್ರೀತಿಸುತ್ತಾರೆ; ಇಬ್ಬರೂ ಸಾಯುವುದಿಲ್ಲ. 1923ರಲ್ಲಿ ನ್ಯೂಯಾರ್ಕಿನಲ್ಲಿ ಇಂಗ್ಲಿಷಿನಲ್ಲಿ ಆಡಿದಾಗ ನಟನಟಿಯರನ್ನೇ ಬಂಧಿಸಿ, ಅಶ್ಲೀಲವೆಂದು ಶಿಕ್ಷಿಸಿದರು. ಆ ತೀರ್ಪು ಆಮೇಲೆ ರದ್ದಾಯಿತು. ನಮ್ಮ ನೆರೆಯ ಮರಾಠಿಯಲ್ಲಿ ವಿಜಯ್ ತೆಂಡೂಲ್ಕರರು 1981ರಷ್ಟು ಹಿಂದೆಯೇ ‘ಮಿತ್ರಾಚಿ ಗೋಷ್ಟ’ ತಂದದ್ದು ದೊಡ್ಡ ಧೈರ್ಯ. ಅಲ್ಲಿಯೂ ಮಿತ್ರಾ ಆತ್ಮಹತ್ಯೆ ಮಾಡಿಕೊಳ್ಳುತ್ತಾಳೆ.

2018ರಲ್ಲಿ ಸುಪ್ರೀಂ ಕೋರ್ಟು ಇಂಥ ಪ್ರೀತಿ ಅಪರಾಧವಲ್ಲವೆಂದು ಹೇಳಿತು. ಊರಿನ ಬಾಯಿಗೆ ಆ ತೀರ್ಪು ಇನ್ನೂ ತಲುಪಿಲ್ಲ. ಮದುವೆಯಾಗದ ಇಬ್ಬರು ಟೀಚರುಗಳು ಒಂದೇ ಬಾಡಿಗೆ ಮನೆಯಲ್ಲಿದ್ದರೆ ಸಾಕು, ‘ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೆ?’ ಎನ್ನುವವರು ಗಂಡಸರಷ್ಟೇ ಅಲ್ಲ, ನಾವೂ ಹೌದು. ಅವರ ಪರವಾಗಿ ನಿಲ್ಲಬೇಕೆನ್ನುವವರು ಕೂಡ ‘ಛೇ, ಅವರು ಅಂಥವರಲ್ಲ’ ಎನ್ನುತ್ತಾರೆ. ಆ ಮಾತು ಬೇಡ. ‘ಅಂಥವರೇ ಆದರೆ ನಿಮಗೇನು ನಷ್ಟ? ಪಾಠ ಚೆನ್ನಾಗಿ ಮಾಡುತ್ತಾರೋ ಇಲ್ಲವೋ, ಅಷ್ಟು ನೋಡಿ’ ಎಂದು ಕೇಳಬೇಕು. ಅಜ್ಜಿ ಫೋನು ಎತ್ತುವ ಮೊದಲೇ ಕೇಳಬೇಕು.