ಸಂದರ್ಶನದ ‘ಉತ್ತರಪತ್ರಿಕೆ’ ನಮಗೂ ಕಾಣಲಿ

ಪರೀಕ್ಷೆಗೆ ಮೊದಲಿನ ಓದುವ ರಜೆ. ನಮ್ಮ ಮನೆ ಬೆಳ್ತಂಗಡಿ ತಾಲೂಕಿನಲ್ಲಿ, ಅಡಿಕೆ ತೋಟದ ನಡುವೆ. ನೆಟ್‌ವರ್ಕ್ ಸರಿಯಾಗಿ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಅಲ್ಲೇ ಕುರ್ಚಿ ಹಾಕಿ, ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಇಂಟರ್ನ್‌ಶಿಪ್‌ಗಾಗಿ ನನ್ನ ಮೊದಲ ಆನ್‌ಲೈನ್ ಸಂದರ್ಶನಕ್ಕೆ ಕುಳಿತೆ. ಪರದೆಯಲ್ಲಿ ಮೂರು ಚೌಕಗಳಿದ್ದವು. ಒಂದು ನನ್ನದು, ಇನ್ನೊಂದು ಕಂಪೆನಿಯ ಎಚ್‌ಆರ್ ಮೇಡಂ ಅವರದು. ಮೂರನೆಯದರಲ್ಲಿ ಮುಖವಿರಲಿಲ್ಲ, ‘ನೋಟ್‌ಟೇಕರ್’ ಎಂಬ ಹೆಸರಷ್ಟೇ ಇತ್ತು. ಅದು ಎಐ ಎಂದು ಗೊತ್ತಿತ್ತು. ಆದರೆ ಅದು ಏನು ಬರೆದುಕೊಳ್ಳುತ್ತದೆ, ಯಾರಿಗೆ ಕೊಡುತ್ತದೆ ಎಂದು ಕೇಳುವ ಧೈರ್ಯ ಬರಲಿಲ್ಲ.

ಇಪ್ಪತ್ತು ನಿಮಿಷದ ಮಾತುಕತೆ ಚೆನ್ನಾಗಿಯೇ ನಡೆಯಿತು ಎಂದುಕೊಂಡಿದ್ದೆ. ಅರ್ಧ ಗಂಟೆ ಬಿಟ್ಟು ನನ್ನ ಇಮೇಲ್‌ಗೆ ಒಂದು ಸಂದೇಶ ಬಂತು: ‘ಸಭೆಯ ಸಾರಾಂಶ’. ಸಭೆಗೆ ಆಹ್ವಾನ ಪಡೆದ ಎಲ್ಲರಿಗೂ ಸಾರಾಂಶ ಕಳುಹಿಸುವ ವ್ಯವಸ್ಥೆ ಇಂಥ ಸಾಧನಗಳಲ್ಲಿ ಇರುತ್ತದೆ. ಯಾರೋ ಅದನ್ನು ಆಫ್ ಮಾಡಲು ಮರೆತಿದ್ದರು. ಹಾಗಾಗಿ ನಾನು ನೋಡಬಾರದಿದ್ದ ಕಾಗದ ನನ್ನ ಕೈಗೆ ಸಿಕ್ಕಿತು.

ಓದಿದೆ. ‘ಎರಿಕಾ ಎಂಬವರ ಜೊತೆ ಎಲೆಗಳ ಕುರಿತ ಪ್ರಾಜೆಕ್ಟ್ ಮಾಡಿದ್ದಾರೆ’ ಎಂದಿತ್ತು. ನಾನು ಹೇಳಿದ್ದು ಅಡಿಕೆಯ ಎಲೆಚುಕ್ಕಿ ರೋಗವನ್ನು ಫೋಟೊದಿಂದ ಗುರುತಿಸುವ ಮಿನಿ ಪ್ರಾಜೆಕ್ಟ್ ಬಗ್ಗೆ. ನನ್ನ ಬಾಯಿಂದ ಹೊರಟ ‘ಅರೆಕಾ’ ಯಂತ್ರದ ಕಿವಿಯಲ್ಲಿ ಎರಿಕಾ ಎಂಬ ಹೆಂಗಸಾಗಿತ್ತು. ಇದನ್ನು ಓದಿ ನಗು ಬಂತು. ಮುಂದಿನ ಸಾಲಿಗೆ ನಗು ನಿಂತಿತು. ‘ಗಿಟ್ ಬಳಸಿದ ಅನುಭವ ಇಲ್ಲ.’ ಗಿಟ್ ಬಳಸಿದ್ದೀರಾ ಎಂದು ಕೇಳಿದಾಗ ನಾನು, ‘ಯೂಸ್ಡ್ ನೋ ಮೇಡಂ, ಇನ್ ಮಿನಿ ಪ್ರಾಜೆಕ್ಟ್’ ಎಂದಿದ್ದೆ. ನಮ್ಮ ಕಡೆಯ ಇಂಗ್ಲಿಷಿನಲ್ಲಿ ಆ ‘ನೋ’ಗೆ ‘ಅಲ್ವಾ’ ಎಂದರ್ಥ. ಯಂತ್ರಕ್ಕೆ ಅದು ‘ಇಲ್ಲ’. ನಡುವೆ ಒಮ್ಮೆ ಧ್ವನಿ ಕಡಿದಾಗ ಒಂದು ಪ್ರಶ್ನೆಗೆ ಚಾಟ್‌ನಲ್ಲಿ ಟೈಪ್ ಮಾಡಿ ಉತ್ತರ ಕೊಟ್ಟಿದ್ದೆ. ಸಾರಾಂಶದಲ್ಲಿ ಅದರ ಸುಳಿವೇ ಇರಲಿಲ್ಲ.

ಬಿ.ಸಿ. ರೋಡಿನ ಗೆಳೆಯನಿಗೆ ಸ್ಕ್ರೀನ್‌ಶಾಟ್ ಕಳುಹಿಸಿದೆ. ‘ಎಂಥ ಮಾರಾಯ, ಈ ಎರಿಕಾ ಯಾರು? ನಮಗೆ ಹೇಳ್ಲೇ ಇಲ್ಲ’ ಎಂದು ತಮಾಷೆ ಮಾಡಿದ. ಆಮೇಲೆ ಅವನೇ ಕೇಳಿದ: ‘ನಂಗೂ ಹೋದ ತಿಂಗಳು ಒಂದು ಇಂಟರ್‌ವ್ಯೂ ಆಗಿತ್ತಲ್ಲ, ಅದ್ರಲ್ಲಿ ಏನು ಬರೆದಿರಬಹುದು?’ ಅವನಿಗೆ ಇಮೇಲ್ ಬಂದಿರಲಿಲ್ಲ. ಅವನಿಗೆ ಅದು ಎಂದೂ ಗೊತ್ತಾಗುವುದಿಲ್ಲ.

ಈ ಲೇಖನ ಬರೆಯಲು ಕಾರಣ ಗೆಳೆಯನ ಆ ಪ್ರಶ್ನೆ.

ಮೊದಲು ಈ ಸಾಧನ ಹೇಗೆ ಕೆಲಸ ಮಾಡುತ್ತದೆ ಎಂದು ನೋಡೋಣ. ಓಟರ್, ಫೈರ್‌ಫ್ಲೈಸ್‌ನಂಥ ನೋಟ್‌ಟೇಕರ್‌ಗಳಿವೆ. ಜೂಮ್, ಟೀಮ್ಸ್, ಗೂಗಲ್ ಮೀಟ್‌ಗಳು ತಮ್ಮದೇ ಎಐ ಟಿಪ್ಪಣಿ ಸೌಲಭ್ಯ ಕೊಡುತ್ತವೆ. ನೇಮಕಾತಿಯವರಿಗೆಂದೇ ರೂಪಿಸಿದ ಮೆಟಾವ್ಯೂನಂಥವೂ ಇವೆ. ಇವು ಮಾಡುವ ಕೆಲಸದಲ್ಲಿ ಮುಖ್ಯವಾಗಿ ಮೂರು ಹಂತ. ಮೊದಲು ಮಾತನ್ನು ಅಕ್ಷರಕ್ಕೆ ಇಳಿಸುವುದು. ಎರಡನೆಯದು ಯಾವ ಮಾತು ಯಾರದು ಎಂದು ಬೇರ್ಪಡಿಸುವುದು. ಮೂರನೆಯದು ದೊಡ್ಡ ಭಾಷಾ ಮಾದರಿಯೊಂದು ಆ ಪಠ್ಯವನ್ನು ಓದಿ ಸಾರಾಂಶ ಬರೆಯುವುದು. ನೇಮಕಾತಿಯವರು ಬೇಕೆಂದರೆ ಅನುಭವ, ಕೌಶಲ, ಸಂಬಳದ ನಿರೀಕ್ಷೆ, ಬೇರೆ ಊರಿಗೆ ಹೋಗಲು ಸಿದ್ಧವೇ ಎಂಬ ಖಾನೆಗಳಲ್ಲಿ ಅದು ತುಂಬಿ ಕೊಡುತ್ತದೆ. ಮೊದಲ ಹಂತದ ತಪ್ಪು ಮೂರನೇ ಹಂತಕ್ಕೆ ಬರುವಾಗ ತಪ್ಪಿನಂತೆ ಕಾಣುವುದೇ ಇಲ್ಲ. ಒಳ್ಳೆಯ ವ್ಯಾಕರಣದ, ನೇರವಾದ ವಾಕ್ಯವಾಗಿ ಕುಳಿತಿರುತ್ತದೆ. ‘ಯೂಸ್ಡ್ ನೋ’ ಎಂದು ಹಾಗೆಯೇ ಬರೆದಿದ್ದರೆ ಓದಿದವರಿಗೆ ಸಂಶಯವಾದರೂ ಬರುತ್ತಿತ್ತು. ‘ಅನುಭವ ಇಲ್ಲ’ ಎಂದು ಬರೆದರೆ ಯಾರೂ ಸಂಶಯಪಡುವುದಿಲ್ಲ.

ಇದು ನನ್ನೊಬ್ಬನ ದುರದೃಷ್ಟವಲ್ಲ. 2020ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧಕರು ಅಮೆಜಾನ್, ಆ್ಯಪಲ್, ಗೂಗಲ್, ಐಬಿಎಂ, ಮೈಕ್ರೋಸಾಫ್ಟ್ ಕಂಪೆನಿಗಳ ಮಾತು ಗುರುತಿಸುವ ತಂತ್ರಾಂಶಗಳನ್ನು ಪರೀಕ್ಷಿಸಿದ್ದರು. ಬಿಳಿಯರ ಮಾತಿನಲ್ಲಿ ನೂರು ಪದಕ್ಕೆ ಸರಾಸರಿ 19 ತಪ್ಪು, ಕಪ್ಪು ಜನರ ಮಾತಿನಲ್ಲಿ 35. ಎರಡೂ ಗುಂಪು ಮಾತಾಡಿದ್ದು ಇಂಗ್ಲಿಷನ್ನೇ. 2024ರಲ್ಲಿ ಓಪನ್‌ಎಐನ ‘ವಿಸ್ಪರ್’ ಬಗ್ಗೆ ಬಂದ ಅಧ್ಯಯನದಲ್ಲಿ ಸುಮಾರು ಶೇ 1ರಷ್ಟು ಧ್ವನಿ ತುಣುಕುಗಳಿಗೆ ಯಾರೂ ಹೇಳದ ವಾಕ್ಯಗಳನ್ನೇ ಅದು ಸೇರಿಸಿದ್ದು ಕಂಡುಬಂತು. ಭಾರತೀಯ ಉಚ್ಚಾರದ ಇಂಗ್ಲಿಷನ್ನು ಪರೀಕ್ಷಿಸಲೆಂದು ಐಐಟಿ ಮದ್ರಾಸಿನ ‘ಎಐ4ಭಾರತ್’ ತಂಡ 2023ರಲ್ಲಿ ‘ಸ್ವರಾಹ್’ ಎಂಬ ಧ್ವನಿ ಸಂಗ್ರಹ ಹೊರತಂದಿತು. ಅದರಲ್ಲಿ ದೇಶದ ಬೇರೆ ಬೇರೆ ಭಾಗದ 117 ಜನರ 9.6 ಗಂಟೆಗಳ ಮಾತಿದೆ. ಒಳ್ಳೆಯ ಆರಂಭವೇ. ಆದರೆ ನಮ್ಮ ಮೂರು ತಾಲೂಕುಗಳಲ್ಲೇ ತುಳು, ಬ್ಯಾರಿ, ಕೊಂಕಣಿ, ಮಲಯಾಳಂ ಮನೆಮಾತಿನವರು ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷ್ ಮಾತಾಡುವ ಬಗೆ ಎಷ್ಟಿದೆ ಎಂದು ಯೋಚಿಸಿ. ಹತ್ತು ಗಂಟೆಯೂ ಇಲ್ಲದ ಸಂಗ್ರಹದಲ್ಲಿ ಅದೆಲ್ಲ ಹಿಡಿಯುವುದು ಹೇಗೆ?

ಹಾಗೆಂದು ನೇಮಕಾತಿಯವರನ್ನು ದೂರುವುದು ನನ್ನ ಉದ್ದೇಶವಲ್ಲ. ಅವರ ಕಷ್ಟವೂ ಅರ್ಥವಾಗುತ್ತದೆ. ಮೂಡುಬಿದಿರೆಯ ವಿದ್ಯಾಗಿರಿಯಲ್ಲಿ ನಡೆಯುವ ‘ಆಳ್ವಾಸ್ ಪ್ರಗತಿ’ ಉದ್ಯೋಗ ಮೇಳಕ್ಕೆ ಹೋದವರಿಗೆ ಆ ಜನಸಾಗರ ಗೊತ್ತು. ಸಾವಿರಾರು ಮಂದಿ, ಪ್ರತಿಯೊಬ್ಬರ ಕೈಯಲ್ಲೂ ಒಂದು ಫೈಲ್. ಅಷ್ಟು ಜನರನ್ನು ಮಾತಾಡಿಸುವವರು ರೆಸ್ಯೂಮೆಯ ಮೂಲೆಯಲ್ಲಿ ಎರಡು ಪದ ಗೀಚಿ ಮುಂದಿನವರನ್ನು ಕರೆಯಲೇಬೇಕು. ಸಂಜೆ ಹೊತ್ತಿಗೆ ಯಾರ ಮುಖವೂ ನೆನಪಿರುವುದಿಲ್ಲ. ಆ ಗೀಚಿದ ಪದದಲ್ಲೂ ತಪ್ಪಿರಬಹುದು, ಪೂರ್ವಗ್ರಹವೂ ಇರಬಹುದು. ಅದಕ್ಕೆ ಹೋಲಿಸಿದರೆ ಯಂತ್ರ ದಣಿಯುವುದಿಲ್ಲ, ನಲವತ್ತನೆಯ ಅಭ್ಯರ್ಥಿಯ ಮಾತನ್ನೂ ಮೊದಲನೆಯವನ ಮಾತಿನಷ್ಟೇ ಉದ್ದಕ್ಕೆ ಬರೆಯುತ್ತದೆ. ಬರೆದುಕೊಳ್ಳುವ ಚಿಂತೆ ಇಲ್ಲದ ಕಾರಣ ಎದುರಿಗಿರುವವರು ನಮ್ಮ ಮುಖ ನೋಡಿ ಮಾತಾಡುತ್ತಾರೆ. ನಾವೂ ರೆಸ್ಯೂಮೆ ತಿದ್ದಲು, ಪ್ರಶ್ನೆಗಳಿಗೆ ಸಿದ್ಧವಾಗಲು ಎಐ ಬಳಸುತ್ತೇವೆ. ಅವರು ಬಳಸಬಾರದು ಎನ್ನುವುದು ನ್ಯಾಯವಲ್ಲ.

ತೊಂದರೆ ಇರುವುದು ಬೇರೆ ಕಡೆ. ಹಲವು ಕಡೆ ಸಂದರ್ಶನ ಮಾಡುವವರು ಒಬ್ಬರು, ಆಯ್ಕೆ ಮಾಡುವವರು ಇನ್ನೊಬ್ಬರು. ಆ ಇನ್ನೊಬ್ಬರು ನಮ್ಮ ದನಿ ಕೇಳಿರುವುದಿಲ್ಲ. ಅವರ ಮುಂದೆ ಇರುವುದು ಸಾರಾಂಶ ಮಾತ್ರ. ಹಾಗಾದಾಗ ಆ ಸಾರಾಂಶ ಬರೀ ಟಿಪ್ಪಣಿಯಾಗಿ ಉಳಿಯುವುದಿಲ್ಲ. ಅದೇ ನಮ್ಮ ಉತ್ತರಪತ್ರಿಕೆಯಾಗುತ್ತದೆ. ನಾವು ಬರೆಯದ, ನಾವು ನೋಡದ, ನಮ್ಮ ಹೆಸರಿನ ಉತ್ತರಪತ್ರಿಕೆ.

ಉತ್ತರಪತ್ರಿಕೆಯ ವಿಷಯದಲ್ಲಿ ನಮಗೆ ಒಂದು ಹಕ್ಕಿದೆ. ವಿಟಿಯು ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದರೆ ಶುಲ್ಕ ಕಟ್ಟಿ ಪ್ರತಿ ತರಿಸಿಕೊಳ್ಳುತ್ತೇವೆ, ಮರುಮೌಲ್ಯಮಾಪನಕ್ಕೆ ಹಾಕುತ್ತೇವೆ. ಪಿಯುಸಿಯಲ್ಲೂ ಸ್ಕ್ಯಾನ್ ಪ್ರತಿ ಸಿಗುತ್ತದೆ. ಅಭ್ಯರ್ಥಿಗೆ ತನ್ನ ಮೌಲ್ಯಮಾಪನವಾದ ಉತ್ತರಪತ್ರಿಕೆಯನ್ನು ಮಾಹಿತಿ ಹಕ್ಕಿನಡಿ ನೋಡುವ ಅಧಿಕಾರವಿದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸಿಬಿಎಸ್‌ಇ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಖಾಸಗಿ ಕಂಪೆನಿಗೆ ಮಾಹಿತಿ ಹಕ್ಕು ಕಾಯ್ದೆ ನೇರವಾಗಿ ಅನ್ವಯಿಸುವುದಿಲ್ಲ, ನಿಜ. ಆದರೆ ಆ ತೀರ್ಪಿನ ಹಿಂದಿನ ನ್ಯಾಯ ಸರಳ: ನನ್ನನ್ನು ಯಾವ ಕಾಗದ ನೋಡಿ ಅಳೆಯುತ್ತೀರೋ ಅದನ್ನು ನನಗೂ ತೋರಿಸಿ.

ಕಂಪೆನಿಗಳು ‘ನಮ್ಮ ಅಭಿಪ್ರಾಯ ನಮ್ಮ ಒಳಗಿನ ವಿಷಯ’ ಎನ್ನಬಹುದು. ಒಪ್ಪೋಣ. ನಾನು ಹೇಗಿದ್ದೇನೆ ಎಂದು ಅವರಿಗೆ ಅನಿಸಿದ್ದನ್ನು ತೋರಿಸಬೇಕಿಲ್ಲ. ನಾನು ಏನು ಹೇಳಿದೆ ಎಂದು ಬರೆದುಕೊಂಡದ್ದನ್ನು ತೋರಿಸಿದರೆ ಸಾಕು. ಉತ್ತರ ನನ್ನದು, ಅಂಕ ಅವರದು.

ಕಾನೂನು ಏನು ಹೇಳುತ್ತದೆ? 2023ರ ಆಗಸ್ಟ್‌ನಲ್ಲಿ ನಮ್ಮ ದೇಶದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಕಂಪೆನಿಗಳ ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿರುವುದರಿಂದ ಅವು ಜಾರಿಗೆ ಬರುವುದು 2027ರ ಮೇ ತಿಂಗಳಲ್ಲಿ. ಈಗ ಎಂಜಿನಿಯರಿಂಗ್ ಓದುತ್ತಿರುವವರಲ್ಲಿ ಹಲವರು ಅಂತಿಮ ವರ್ಷದ ನೇಮಕಾತಿಗೆ ಕೂರುವ ಹೊತ್ತಿಗೆ ಈ ಕಾಯ್ದೆ ಪೂರ್ಣವಾಗಿ ಕೆಲಸ ಮಾಡುತ್ತಿರಬೇಕು. ಒಪ್ಪಿಗೆ ಕೇಳುವಾಗ ಯಾವ ಮಾಹಿತಿ, ಯಾವ ಉದ್ದೇಶಕ್ಕೆ ಎಂದು ತಿಳಿಸಬೇಕು ಎನ್ನುತ್ತದೆ ಕಾಯ್ದೆ. ಆ ತಿಳಿವಳಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕು. ಕನ್ನಡ ಆ ಪಟ್ಟಿಯಲ್ಲಿದೆ. ತುಳು ಇಲ್ಲ. ಒಪ್ಪಿಗೆ ಕೊಟ್ಟವರಿಗೆ ತಮ್ಮ ದತ್ತಾಂಶದ ವಿವರ ಕೇಳುವ, ತಪ್ಪನ್ನು ತಿದ್ದಿಸುವ, ಅಳಿಸಲು ಹೇಳುವ ಹಕ್ಕೂ ಇದೆ.

ಆದರೆ ಒಂದು ಸಂದು ಉಳಿದಿದೆ. ‘ಉದ್ಯೋಗದ ಉದ್ದೇಶ’ಕ್ಕಾಗಿ ಒಪ್ಪಿಗೆ ಇಲ್ಲದೆಯೂ ಮಾಹಿತಿ ಬಳಸಲು ಏಳನೇ ಕಲಂ ಅವಕಾಶ ಕೊಡುತ್ತದೆ. ಇನ್ನೂ ಕೆಲಸಕ್ಕೇ ಸೇರದ ಅಭ್ಯರ್ಥಿ ಅದರೊಳಗೆ ಬರುತ್ತಾನೆಯೇ ಎಂದು ಕಾಯ್ದೆ ಬಿಡಿಸಿ ಹೇಳಿಲ್ಲ. ಬರುತ್ತಾನೆ ಎಂದು ಕಂಪೆನಿಗಳು ವಾದಿಸಿದರೆ ನಮ್ಮ ಒಪ್ಪಿಗೆಯ ಮಾತೇ ಬಿದ್ದುಹೋಗುತ್ತದೆ.

ಹೊರದೇಶಗಳ ಕಾನೂನಿನಲ್ಲೂ ಇಂಥದ್ದೇ ಸಂದು ಕಾಣುತ್ತದೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 2020ರಿಂದ ವಿಡಿಯೊ ಸಂದರ್ಶನವನ್ನು ಎಐ ವಿಶ್ಲೇಷಿಸುವುದಾದರೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು, ಅಭ್ಯರ್ಥಿ ಕೇಳಿದರೆ 30 ದಿನದೊಳಗೆ ವಿಡಿಯೊ ಅಳಿಸಬೇಕು. 2024ರಲ್ಲಿ ಜಾರಿಗೆ ಬಂದ ಯುರೋಪಿನ ಎಐ ಕಾಯ್ದೆ, ನೇಮಕಾತಿಗೆ ಬಳಸುವ ಎಐಯನ್ನು ‘ಹೆಚ್ಚು ಅಪಾಯ’ದ ಪಟ್ಟಿಯಲ್ಲಿ ಇಟ್ಟಿದೆ. ಆದರೆ ಬರೀ ಪೂರ್ವಸಿದ್ಧತೆಯ ಕೆಲಸ ಮಾಡುವ ಸಾಧನಗಳಿಗೆ ಅಲ್ಲಿ ವಿನಾಯಿತಿಗೆ ದಾರಿ ಇದೆ. ಅಂದರೆ ಎಲ್ಲರ ಕಣ್ಣು ಅಂಕ ಕೊಡುವ ಯಂತ್ರದ ಮೇಲೆ. ‘ನಾನು ಬರೀ ಬರೆದುಕೊಳ್ಳುವವನು’ ಎನ್ನುವ ಯಂತ್ರ ಬದಿಯಿಂದ ಜಾರಿಕೊಳ್ಳಬಹುದು. ಇಪ್ಪತ್ತು ನಿಮಿಷದ ಮಾತಿನಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವುದೂ ಒಂದು ಬಗೆಯ ಮೌಲ್ಯಮಾಪನ ಎಂಬುದನ್ನು ಮರೆಯುವಂತಿಲ್ಲ.

ಕಾನೂನು ಸ್ಪಷ್ಟವಾಗುವವರೆಗೆ ಸುಮ್ಮನೆ ಕೂರಬೇಕಿಲ್ಲ. ಬೆಂಜನಪದವು, ಉಜಿರೆ, ಮಿಜಾರು, ತೋಡಾರು ಎಂದು ನಮ್ಮ ಮೂರು ತಾಲೂಕುಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಎಲ್ಲ ಕಡೆಯೂ ಪ್ಲೇಸ್‌ಮೆಂಟ್ ಸೆಲ್ ಇದೆ. ಕಂಪೆನಿ ಬರುವ ಮೊದಲು ದಿನಾಂಕ, ಹಾಲ್, ಅರ್ಹತೆಯ ಅಂಕ ಎಲ್ಲ ಮಾತಾಗುತ್ತದೆ. ಆ ಪತ್ರದಲ್ಲಿ ಇನ್ನೊಂದು ಸಾಲು ಸೇರಲಿ: ನೋಟ್‌ಟೇಕರ್ ಬಳಸಿದರೆ ಮೊದಲೇ ತಿಳಿಸಿ, ವಿದ್ಯಾರ್ಥಿ ಹೇಳಿದ್ದರ ಸಾರಾಂಶವನ್ನು ಅವರಿಗೂ ಕಳುಹಿಸಿ, ತಿದ್ದುಪಡಿಗೆ ಒಂದು ದಿನ ಕೊಡಿ. ಇದಕ್ಕೆ ಕಂಪೆನಿಗೆ ಹೆಚ್ಚಿನ ಖರ್ಚಿಲ್ಲ. ಎಲ್ಲರಿಗೂ ಇಮೇಲ್ ಕಳುಹಿಸುವ ಬಟನ್ ಆ ಸಾಧನದಲ್ಲೇ ಇದ್ದೀತು. ನನ್ನ ವಿಷಯದಲ್ಲಿ ಅದು ಮರೆವಿನಿಂದ ಆನ್ ಆಗಿತ್ತು. ತಿಳಿದೇ ಆನ್ ಮಾಡಲಿ ಎಂಬುದಷ್ಟೇ ಬೇಡಿಕೆ. ಒಬ್ಬ ವಿದ್ಯಾರ್ಥಿ ಕೇಳಿದರೆ ತಕರಾರಿನವ ಎನ್ನಬಹುದು. ನಾಲ್ಕು ಕಾಲೇಜು ಒಟ್ಟಾಗಿ ಕೇಳಿದರೆ ಅದೇ ರೂಢಿಯಾಗುತ್ತದೆ.

ನಾವೂ ಕೆಲವು ಅಭ್ಯಾಸ ಮಾಡಿಕೊಳ್ಳಬೇಕು. ಸಂದರ್ಶನದ ಆರಂಭದಲ್ಲೇ ‘ಸಾರಾಂಶ ನನಗೂ ಕಳುಹಿಸುವಿರಾ?’ ಎಂದು ವಿನಯದಿಂದ ಕೇಳಿ. ಪ್ರಾಜೆಕ್ಟಿನ ಹೆಸರು, ಊರು, ಬೆಳೆಯ ಹೆಸರುಗಳನ್ನು ಒಮ್ಮೆ ಬಿಡಿಸಿ ಹೇಳಿ. ಅರ್ಧ ವಾಕ್ಯದಲ್ಲಿ ಉತ್ತರಿಸಬೇಡಿ. ‘ಹೌದು, ಬಳಸಿದ್ದೇನೆ’ ಎಂದು ಪೂರ್ತಿ ಹೇಳಿ. ಚಾಟ್‌ನಲ್ಲಿ ಬರೆದದ್ದನ್ನು ಬಾಯಲ್ಲೂ ಹೇಳಿ. ಮುಗಿದ ಕೂಡಲೇ ಮಾತಾಡಿದ ಮುಖ್ಯ ಐದು ಅಂಶಗಳನ್ನು ನೀವೇ ಇಮೇಲ್ ಮಾಡಿ. ಸಂದರ್ಶನಕ್ಕೆ ಮೊದಲು ಫೋನಿನ ವಾಯ್ಸ್ ಟೈಪಿಂಗ್ ಹಾಕಿ ನಿಮ್ಮ ಪರಿಚಯ ಹೇಳಿಕೊಂಡು ನೋಡಿ, ಎಲ್ಲಿ ಎಡವುತ್ತದೆ ಎಂದು ತಿಳಿಯುತ್ತದೆ. ಆದರೆ ಉಚ್ಚಾರ ತಿದ್ದಿಕೊಳ್ಳುವ ಹೊರೆಯೆಲ್ಲ ನಮ್ಮ ತಲೆಯ ಮೇಲೆಯೇ ಬೀಳಬಾರದು. ಎಚ್‌ಆರ್ ಮೇಡಂಗೆ ನನ್ನ ‘ನೋ’ ಅರ್ಥವಾಗಿತ್ತು. ಅವರು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋಗಿದ್ದರು. ಅರ್ಥವಾಗದೇ ಉಳಿದದ್ದು ಯಂತ್ರಕ್ಕೆ ಮಾತ್ರ.

ನನ್ನ ಕಥೆಯ ಕೊನೆಯನ್ನೂ ಹೇಳಿಬಿಡುತ್ತೇನೆ. ಆ ಸಂಜೆಯೇ ಮೂರು ತಪ್ಪುಗಳನ್ನು ಪಟ್ಟಿ ಮಾಡಿ, ಗಿಟ್‌ಹಬ್ ಕೊಂಡಿ ಸೇರಿಸಿ ಇಮೇಲ್ ಮಾಡಿದೆ. ಮರುದಿನ ಮೇಡಂ ಫೋನ್ ಮಾಡಿ, ‘ಹೇಳಿದ್ದು ಒಳ್ಳೆಯದಾಯಿತು, ತಿದ್ದಿದ್ದೇವೆ’ ಎಂದರು. ಇಂಟರ್ನ್‌ಶಿಪ್ ಸಿಗಲಿಲ್ಲ. ನನಗಿಂತ ಚೆನ್ನಾಗಿ ಮಾಡಿದವರಿಗೆ ಸಿಕ್ಕಿರಬಹುದು, ಅದರಲ್ಲಿ ಬೇಸರವಿಲ್ಲ. ನಾನು ಹೇಳಿದ್ದನ್ನು ಓದಿಯೇ ನನ್ನನ್ನು ಬಿಟ್ಟರು ಎಂಬ ಸಮಾಧಾನವಾದರೂ ನನಗಿದೆ. ಬಿ.ಸಿ. ರೋಡಿನ ಗೆಳೆಯನಿಗೆ ಅದೂ ಇಲ್ಲ. ತಾನು ಫೇಲಾದದ್ದು ತನ್ನ ಉತ್ತರದಿಂದಲೋ ಯಂತ್ರದ ಕಿವಿಯಿಂದಲೋ ಎಂದು ಅವನು ಇನ್ನೂ ಕೇಳುತ್ತಿದ್ದಾನೆ.

– ಬಿಇ ವಿದ್ಯಾರ್ಥಿ, ಬೆಳ್ತಂಗಡಿ